ಣ ಒತ್ತು

"ಣ ಒತ್ತು ಮುಗೀತು," ಎಂದರು ಅನಂತಲಕ್ಷ್ಮಿ, ಅಚ್ಚಿನ ಮೊಳೆಗಳ ಖಾನೆಯಲ್ಲಿ ಬೆರಳಾಡಿಸುತ್ತ. "ಇನ್ನು ನಿನ್ನ 'ಸಣ್ಣ'ಕ್ಕೆ ಕಾಲಿಲ್ಲ ಕಣಮ್ಮ."

ಮಾಲವಿಕಾ ಕಾಫಿ ಲೋಟ ಕೆಳಗಿಟ್ಟಳು. ಅವಳು ಹೊರತರುತ್ತಿದ್ದ ಪತ್ರಿಕೆಯ ಹೆಸರೇ 'ಸಣ್ಣದು'. ಬೆಂಕಿಪೊಟ್ಟಣದ ಚಿತ್ರ, ಅಂಗಿಯ ಗುಂಡಿ, ಬಸ್ ಟಿಕೆಟ್ಟು, ಹೀಗೆ ಯಾರೂ ಎರಡನೇ ಸಲ ತಿರುಗಿ ನೋಡದ ವಸ್ತುಗಳ ಅಂದಚಂದದ ಬಗ್ಗೆ, ಕೈಯಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ಪತ್ರಿಕೆ. ಕಂಪ್ಯೂಟರಿನ ಒಂದಕ್ಷರವೂ ಇರುವುದಿಲ್ಲವೆಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಭಾನುವಾರ ಬಿಡುಗಡೆ, ಇವತ್ತು ಶುಕ್ರವಾರ. ಕಾಮಾಕ್ಷಿಪಾಳ್ಯದ ಅನಂತಲಕ್ಷ್ಮಿಯವರ ಈ ಪ್ರೆಸ್ಸು ಬಿಟ್ಟರೆ ಕನ್ನಡದ ಮೊಳೆ ಇಟ್ಟುಕೊಂಡವರು ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ.

"ಅಷ್ಟೂ ಎಲ್ಲಿಗೆ ಹೋದ್ವು ಆಂಟಿ?"

ಅನಂತಲಕ್ಷ್ಮಿ ಟ್ರೆಡಲ್ ಅಚ್ಚುಯಂತ್ರದ ಕಡೆ ಗದ್ದ ಎತ್ತಿ ತೋರಿಸಿದರು. ಅದರಲ್ಲಿ ಅಣ್ಣಮ್ಮ ದೇವಿ ಉತ್ಸವದ ಚಂದಾ ರಸೀದಿಯ ಅಚ್ಚು ಬಿಗಿದು ಕೂತಿತ್ತು. ಮೇಲೆ ದೇವಿಯ ಹೆಸರು. ಕೆಳಗೆ ಸಮಿತಿಯವರು: ಭೈರೇಶಣ್ಣ, ಸಿದ್ದೇಶಣ್ಣ, ಕಾಂತರಾಜಣ್ಣ, ಮಹದೇವಣ್ಣ. ಒಂದು ಹಾಳೆಗೆ ನಾಲ್ಕು ರಸೀದಿಯಾದ್ದರಿಂದ ಅಷ್ಟೂ ಅಣ್ಣಂದಿರು ನಾಲ್ಕು ನಾಲ್ಕು ಸಲ ಇದ್ದರು.

ಮಾಲವಿಕಾ ಪೆನ್ನು ಹಿಡಿದು ತನ್ನ ಲೇಖನ ತಿದ್ದಲು ಕೂತಳು. 'ಕಣ್ಣಿಗೆ ಬೀಳದ ಸಣ್ಣ ಬಣ್ಣದ ಗುಂಡಿ' ಎಂದಿದ್ದದ್ದು 'ನೇತ್ರಕ್ಕೆ ಗೋಚರಿಸದ ಕಿರು ರಂಗಿನ ಗುಂಡಿ' ಆಯಿತು. ಅನಂತಲಕ್ಷ್ಮಿ ಓದಿ ನೋಡಿದರು.

"ಉಚಿತ ನೇತ್ರ ಶಿಬಿರದ ಕರಪತ್ರ ಇದ್ದಂಗಿದೆ," ಎಂದು ವಾಪಸ್ ಕೊಟ್ಟರು.

ಅಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರು ನಿಂತಿತು. ಬಿಳಿ ಪಂಚೆ, ಬಿಳಿ ಷರಟು ತೊಟ್ಟು ಒಳಬಂದವರು ಸಮಿತಿಯ ಅಧ್ಯಕ್ಷ ಭೈರೇಶ್. "ಅನಂತಕ್ಕ, ರಸೀದಿ ಆಯ್ತಾ? ಸಂಜೆಯಿಂದ ಚಂದಾ ಎತ್ತೋಕೆ ಹೊರಡಬೇಕು."

"ಬೆಳಿಗ್ಗೆಯಿಂದ ಕರೆಂಟೇ ಇಲ್ಲ ಭೈರೇಶಣ್ಣ. ಮೋಟಾರು ತಿರುಗಬೇಕಲ್ಲ?"

ಮಾಲವಿಕಾಗೆ ತಡೆಯಲಾಗಲಿಲ್ಲ. "ಸಾರ್, ದೇವಿ ಹೆಸರು ನಾನು ಮುಟ್ಟಲ್ಲ. ಕೆಳಗಿನ ಹೆಸರುಗಳಲ್ಲಿ 'ಅಣ್ಣ' ಮಾತ್ರ ತೆಗೆದುಬಿಡೋಣ. ಬರೀ ಸಿದ್ದೇಶ್, ಬರೀ ಮಹದೇವ್. ನನ್ನ ಪತ್ರಿಕೆಗೆ ಆ ಒತ್ತುಗಳು ಬೇಕೇ ಬೇಕು."

ಭೈರೇಶ್ ಗಂಭೀರವಾಗಿ ಯೋಚಿಸಿದರು. "ದೇವಿ ಹೆಸರಲ್ಲಿ ಬೇಕಾದ್ರೆ ಒಂದು ತಗೊಳ್ಳಿ ಮೇಡಂ. ತಾಯಿ ಕ್ಷಮಿಸ್ತಾಳೆ. ಸಿದ್ದೇಶಣ್ಣ ಕ್ಷಮಿಸಲ್ಲ. ಹೋದ ವರ್ಷ ಅವನ ಹೆಸರು ಎರಡನೇ ಸಾಲಿಗೆ ಬಂತು ಅಂತ ಆರ್ಕೆಸ್ಟ್ರಾದವರನ್ನ ವಾಪಸ್ ಕಳಿಸಿಬಿಟ್ಟ."

ದಾರಿ ಒಂದೇ ಇತ್ತು. ರಸೀದಿ ಅಚ್ಚಾಗಿ ಮುಗಿದರೆ ಮೊಳೆ ಬಿಚ್ಚಬಹುದು. ಕರೆಂಟ್ ಇಲ್ಲದಿದ್ದರೂ ಟ್ರೆಡಲ್‌ಗೆ ತುಳಿದು ನಡೆಸುವ ಹಳೆಯ ಕಾಲುಮಣೆ ಇನ್ನೂ ಇತ್ತು. ಅನಂತಲಕ್ಷ್ಮಿ ತಮ್ಮ ಮಂಡಿ ಮುಟ್ಟಿಕೊಂಡು ತಲೆಯಾಡಿಸಿದರು. ಭೈರೇಶ್ ತಮ್ಮ ಇಸ್ತ್ರಿ ಪಂಚೆಯನ್ನೊಮ್ಮೆ ನೋಡಿಕೊಂಡರು. ಮಾಲವಿಕಾ ಚಪ್ಪಲಿ ಬಿಟ್ಟಳು.

ಅನಂತಲಕ್ಷ್ಮಿ ಹಾಳೆ ಒಡ್ಡಿದರು, ಅವಳು ತುಳಿದಳು. ಭೈರೇಶ್ ಹಸಿ ರಸೀದಿಗಳನ್ನು ಬೆಂಚಿನ ಮೇಲೆ ಹರವಿ, ಮದುವೆ ಕಾರ್ಡೊಂದರಿಂದ ಗಾಳಿ ಬೀಸಿದರು. ಒಂದು ಬೀಸು ರಸೀದಿಗೆ, ಎರಡು ಬೀಸು ತಮಗೆ.

"ತುಳೀರಿ ಮೇಡಂ, ತಾಯಿ ಶಕ್ತಿ ಕೊಡ್ತಾಳೆ."

"ಸ್ವಲ್ಪ ಮುಂಚೇನೇ ಕೊಟ್ಟಿದ್ರೆ ಚೆನ್ನಾಗಿತ್ತು," ಎಂದಳು ಮಾಲವಿಕಾ ಏದುಸಿರು ಬಿಡುತ್ತ. ಊಟದ ಹೊತ್ತಿಗೆ ಅವಳ ತೊಡೆ ನಡುಗತೊಡಗಿತ್ತು. "ಆಂಟಿ, ನನ್ನ ಲೇಖನದಲ್ಲಿ 'ಟ್ರೆಡಲ್ ತುಳಿತದಲ್ಲಿ ತಣ್ಣನೆಯ ಸಂಗೀತವಿದೆ' ಅಂತ ಒಂದು ಸಾಲಿದೆ. ಅದನ್ನ ತೆಗೆದುಬಿಡಿ."

"ತೆಗೀತೀನಿ. ಒಂದು ಣ ಒತ್ತೂ ಉಳೀತು."

ಕೊನೆಯ ಹಾಳೆ ಹೊರಬಂದಾಗ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಕೇಳುತ್ತಿತ್ತು. ಕರೆಂಟೂ ಆಗಲೇ ಬಂತು. ಭೈರೇಶ್ ಮದುವೆ ಕಾರ್ಡು ಕೆಳಗಿಟ್ಟು ಫ್ಯಾನು ಹಾಕಿದರು. ಅನಂತಲಕ್ಷ್ಮಿ ಅಚ್ಚು ಸಡಿಲಿಸಿ ಒತ್ತುಗಳನ್ನು ಒಂದೊಂದಾಗಿ ಕಿತ್ತು ಖಾನೆಗೆ ಹಾಕತೊಡಗಿದರು. ಮೊದಲು ಸಿದ್ದೇಶಣ್ಣ. ಮಾಲವಿಕಾ ಕಾಗದದ ಬಂಡಲಿನ ಮೇಲೆ ಕುಸಿದು, ಮತ್ತೆ 'ನೇತ್ರ'ವನ್ನು ಹೊಡೆದುಹಾಕಿ 'ಕಣ್ಣು' ಎಂದು ಬರೆದಳು.

ಭೈರೇಶ್ ಒಂದು ರಸೀದಿ ತೆಗೆದುಕೊಂಡು ಜೇಬಿನಿಂದ ಪೆನ್ನು ಎಳೆದರು. "ನಿಮ್ಮ ಉಪಕಾರ ದೊಡ್ಡದು ಮೇಡಂ. ಅದಕ್ಕೇ ಮೊದಲನೇ ರಸೀದಿ ನಿಮ್ಮ ಹೆಸರಿಗೇ. ಚಂದಾ ಎಷ್ಟು ಅಂತ ಬರೀಲಿ?"

ಮಾಲವಿಕಾ ಅವರನ್ನೇ ನೋಡಿದಳು. ಆಮೇಲೆ ಚೀಲದಿಂದ ಪರ್ಸು ತೆಗೆದು ಕೈಗೆ ಸಿಕ್ಕ ನೋಟು ಕೊಟ್ಟಳು. ಅದರ ಹಿಂದೆಯೇ ತನ್ನ ಪತ್ರಿಕೆಯ ಒಂದು ಚೀಟಿಯನ್ನೂ ಚಾಚಿದಳು.

"ನಮ್ಮಲ್ಲೂ ಚಂದಾ ಇದೆ ಭೈರೇಶಣ್ಣ. 'ಸಣ್ಣದು' ಪತ್ರಿಕೆಗೆ ವಾರ್ಷಿಕ ಚಂದಾ. ನೀವೇ ಮೊದಲ ಚಂದಾದಾರರಾಗಿ."

ಭೈರೇಶ್ ಕೈ ಜೇಬಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಅನಂತಲಕ್ಷ್ಮಿಯ ಕಡೆ ನೋಡಿದರು; ಅವರು ತಲೆ ಎತ್ತದೆ ಮೊಳೆ ಬಿಚ್ಚುತ್ತಿದ್ದರು. ಬಾಗಿಲ ಕಡೆ, ಸ್ಕೂಟರಿನ ಕಡೆ ನೋಡಿದರು. ಇಷ್ಟು ವರ್ಷ ಬೀದಿ ಬೀದಿಯ ಗೇಟುಗಳ ಮುಂದೆ ನಿಂತು ಅವರು ಕೇಳಿಸಿಕೊಂಡಿದ್ದ ಮಾತು, ಅವರಿಗೇ ಗೊತ್ತಾಗುವ ಮೊದಲು ಬಾಯಿಂದ ಹೊರಬಿತ್ತು.

"ಯಜಮಾನ್ರು ಮನೇಲಿಲ್ಲ ಮೇಡಂ. ನಾಳೆ ಬನ್ನಿ."