ಹಗ್ಗ ಹಿಡಿದ ಕೈ

"ಇವನ ಹಗ್ಗ ಯಾರ ಕೈಯಲ್ಲಿದೆ?" ಎಂದು ಮುದುಕ ಕೇಳಿದಾಗ ಆಲಿವ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಟೀವಿ ಪರದೆಯ ನೀಲಿ ಸಮುದ್ರದ ತಳದಲ್ಲಿ ಹೆಬ್ಬೆರಳಿನಷ್ಟು ಎತ್ತರದ ಮುಳುಗುಗಾರನೊಬ್ಬ ಮುತ್ತಿನ ಚಿಪ್ಪು ಹೆಕ್ಕುತ್ತಿದ್ದ. ಮೂಲೆಯಲ್ಲಿ ಅವನ ಉಸಿರಿನ ಪಟ್ಟಿ ಗಿಡ್ಡವಾಗುತ್ತಿತ್ತು. ಬಾಯಿ ತೆರೆದು ಶಾರ್ಕ್ ಬಂತು. ಮುದುಕ ಜಾಯ್‌ಸ್ಟಿಕ್ ಕೈಬಿಟ್ಟ. ಮುಳುಗುಗಾರ ಸತ್ತ.

"ಹಗ್ಗ ಇಲ್ಲ ಬಾಬಾ, ಇದು ಒಬ್ಬರೇ ಆಡುವ ಆಟ," ಎಂದಳು ಆಲಿವ್ ತನಗೆ ಬಂದಷ್ಟು ಹಿಂದಿಯಲ್ಲಿ, ಜೋರಾಗಿ. ಮುದುಕನ ಕಿವಿ ಮಂದ. ಹರೆಯದಲ್ಲಿ ಮುತ್ತಿಗಾಗಿ ಮುಳುಗಿದವರ ಕಿವಿಯೆಲ್ಲ ಹಾಗೆಯೇ ಅಂತೆ.

"ಒಬ್ಬನೇ?" ಮುದುಕನೂ ಹಿಂದಿ ಬಲ್ಲ, ಹಡಗಿನಲ್ಲಿ ಖರ್ಜೂರ ಹೊತ್ತು ಮುಂಬೈಗೆ, ಮಂಗಳೂರಿಗೆ ಹೋಗಿ ಬಂದವನು. "ಒಬ್ಬನೇ ಯಾರೂ ಮುಳುಗುವುದಿಲ್ಲ, ಮಗಳೇ. ಮೇಲೆ ದೋಣಿಯಲ್ಲಿ ಹಗ್ಗ ಹಿಡಿಯುವವನು ಬೇಕು. ನಾನು ಮುಳುಗಿಯೂ ಇದ್ದೇನೆ, ಹಗ್ಗ ಹಿಡಿದೂ ಇದ್ದೇನೆ." ಅಷ್ಟು ಹೇಳಿ ಎದ್ದು ಹೋಗಿ ಕಾರಿನಲ್ಲಿ ಕೂತುಬಿಟ್ಟ. ಅವನ ಮಗ ಅಬು ಫಹದ್, ಆಲಿವ್ ಕೆಲಸ ಮಾಡುವ ಕಂಪನಿಯ ಮಾಲೀಕ. "ಅಪ್ಪನ ಮಾತು ಬಿಡು. ನನಗೆ ಒಪ್ಪಿಗೆ. ಬುಧವಾರ ಜಪಾನಿಗೆ ಕಳಿಸಿದರೆ ಆಟದ ಕಾರ್ಟ್ರಿಜ್ ಮಾಡಿ ಕೊಡುತ್ತಾರೆ. ಖಲಾಸ್," ಎಂದು ಅವನೂ ಹೊರಟ.

ಅದು ಕುವೈತಿನ ಸಾಲ್ಮಿಯಾದಲ್ಲಿ, ೧೯೮೬ರಲ್ಲಿ. ಅರಬ್ಬೀ ಅಕ್ಷರದ ಪುಟ್ಟ ಕಂಪ್ಯೂಟರ್‌ಗಳು ಮನೆಮನೆಯ ಟೀವಿಯ ಕೆಳಗೆ ಬಂದು ಕೂರುತ್ತಿದ್ದ ಕಾಲ. ಮಂಗಳೂರಿನಿಂದ ಟೈಪಿಸ್ಟ್ ಆಗಿ ಬಂದಿದ್ದ ಆಲಿವ್, ಕೈಪಿಡಿಯ ಪ್ರೋಗ್ರಾಮುಗಳನ್ನು ಟೈಪ್ ಮಾಡುತ್ತ ಮಾಡುತ್ತಲೇ ಅವುಗಳ ತಪ್ಪು ಹಿಡಿಯತೊಡಗಿದಳು. ಆರು ತಿಂಗಳಲ್ಲಿ ಆಟದ ವಿಭಾಗಕ್ಕೆ ಬಂದಿದ್ದಳು. ಮೊದಲ ಐದು ಆಟಗಳ ಕತೆ ಬೇರೆಯವರದು. ಇದು ಮಾತ್ರ ಕತೆಯಿಂದ ಕೊನೆಯ ಅಲೆಯವರೆಗೆ ಅವಳದೇ. ಗ್ರಾಫ್ ಹಾಳೆಯಲ್ಲಿ ಚೌಕ ಚೌಕ ತುಂಬಿ ಆ ಶಾರ್ಕ್ ಒಂದನ್ನು ಬರೆಯುವುದಕ್ಕೇ ಹನ್ನೊಂದು ದಿನ ಹಿಡಿದಿತ್ತು. ಅದು ಬಾಲ ಆಡಿಸುವುದನ್ನು ನೋಡಲು ಅಕೌಂಟ್ಸ್‌ನವರೂ ಬಂದು ನಿಲ್ಲುತ್ತಿದ್ದರು.

ಅಂದು ಮಧ್ಯಾಹ್ನ ಆಫೀಸು ಮುಚ್ಚುವ ಹೊತ್ತಿನಲ್ಲಿ ಅವಳು ಮನೆಗೆ ಹೋಗಲಿಲ್ಲ. ಮೈಸೂರು ಕಡೆಯ ಪ್ರೋಗ್ರಾಮರ್ ರಾಜಗೋಪಾಲ ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದ.

"ರಾಜಗೋಪಾಲ್, ಇದನ್ನು ಇಬ್ಬರು ಆಡುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ಒಬ್ಬ ಕೆಳಗೆ ಮುಳುಗುವುದು, ಇನ್ನೊಬ್ಬ ಮೇಲೆ ಹಗ್ಗ ಹಿಡಿಯುವುದು. ಮೇಲಿನವ ಎಳೆದರೆ ಮಾತ್ರ ಕೆಳಗಿನವ ಬದುಕುವುದು."

"ಏನ್ರೀ ನೀವು! ಇರೋದೇ ಮೂವತ್ತೆರಡು ಕಿಲೋಬೈಟ್ ಜಾಗ. ಕಾಲಿಡೋಕೂ ಸಂದಿಲ್ಲ. ಅದೂ ಮೂರು ದಿನದಲ್ಲಿ? ಓನರ್ರೇ ಓಕೆ ಅಂದ್ಮೇಲೆ ನಿಮಗ್ಯಾಕ್ರೀ ಉಸಾಬರಿ?"

"ಓನರ್ ಮುಳುಗ್ಲಿಲ್ಲ ಅಲ್ವಾ. ಮುಳುಗಿದವರು ಎದ್ದು ಹೋದ್ರು."

ರಾಜಗೋಪಾಲ ಒಂದು ತುತ್ತು ತಿಂದ. "ಜಾಗ ಎಲ್ಲಿಂದ ತರ್ತೀರಿ?"

ಆಲಿವ್ ಪರದೆಯ ಮೇಲೆ ಬೆರಳಿಟ್ಟಳು. "ಶಾರ್ಕ್ ತೆಗೆಯಿರಿ," ಎಂದಳು. ಅಳಿಸುವ ಕೀ ಒತ್ತಲು ಅವನು ಹಿಂಜರಿದಾಗ ತಾನೇ ಕೈ ಚಾಚಿ ಒತ್ತಿದಳು. ಉಸಿರಿನ ಪಟ್ಟಿಯನ್ನೂ ತೆಗೆದರು. ಎಷ್ಟು ಉಸಿರು ಉಳಿದಿದೆಯೆಂದು ನಿಜವಾದ ಸಮುದ್ರದಲ್ಲಿ ಯಾರೂ ಬರೆದು ತೋರಿಸುವುದಿಲ್ಲವಲ್ಲ. ಕೆಳಗಿನವನು ಬಟನ್ ಒತ್ತಿದರೆ ಹಗ್ಗ ಅಲುಗುತ್ತದೆ. ಅದನ್ನು ನೋಡಿ ಮೇಲಿನವನು ಎಳೆಯಬೇಕು.

ಆಮೇಲೆ ಆಲಿವ್ ಇನ್ನೂ ಒಂಬತ್ತು ಆಟ ಬರೆದಳು. ಅದಕ್ಕಿಂತ ದೊಡ್ಡವು, ಹೆಚ್ಚು ಮಾರಾಟವಾದವು. ಯುದ್ಧದ ವರ್ಷ ಎಲ್ಲ ಬಿಟ್ಟು ಊರಿಗೆ ಬರುವಾಗ ಒಂದು ಗ್ರಾಫ್ ಹಾಳೆಯೂ ಜೊತೆಗೆ ಬರಲಿಲ್ಲ. ಆದರೂ ಆ ಕಾಲದ ಮಾತು ಬಂದಾಗಲೆಲ್ಲ ಅವಳಿಗೆ ಬಿಸಿಯಾದ ಟೀವಿಯ ವಾಸನೆ, ಎ.ಸಿ.ಯ ಗೊರಗೊರ, ಆ ಮಂಗಳವಾರ ಒಟ್ಟಿಗೇ ನೆನಪಾಗುತ್ತವೆ.

ಮಂಗಳವಾರ ಅವಳ ಒತ್ತಾಯಕ್ಕೆ ಅಬು ಫಹದ್ ತಂದೆಯನ್ನು ಮತ್ತೆ ಕರೆತಂದ. ಆಲಿವ್ ಎರಡು ಜಾಯ್‌ಸ್ಟಿಕ್ ಮುಂದಿಟ್ಟಳು. ದೋಣಿಯ ಮೇಲೆ ನಿಂತ ಹೊಸ ಮನುಷ್ಯನನ್ನೂ ಅವನ ಕೈಯಿಂದ ಇಳಿದ ಬಿಳಿ ಗೆರೆಯನ್ನೂ ಮುದುಕ ಬಹಳ ಹೊತ್ತು ನೋಡಿದ. ಮುಳುಗುವವನ ಜಾಯ್‌ಸ್ಟಿಕ್ಕನ್ನು ಮಗನ ಕಡೆ ತಳ್ಳಿ, ಹಗ್ಗದ್ದನ್ನು ತಾನು ತೆಗೆದುಕೊಂಡ.

ಅಬು ಫಹದ್ ಇಳಿದ. ಮೂರನೆಯ ಚಿಪ್ಪಿಗೆ ಕೈ ಹಾಕುವಷ್ಟರಲ್ಲಿ ಮುದುಕ ಎಳೆದುಬಿಟ್ಟ. "ಯುಬಾ, ನಾನಿನ್ನೂ ಬಟನ್ ಒತ್ತಿಯೇ ಇಲ್ಲ!" ಎಂದು ಮಗ ಅಪ್ಪನನ್ನು ಕೂಗಿದ. ಎರಡನೆಯ ಸಲ ಒಂದೇ ಚಿಪ್ಪು. ಮೂರನೆಯ ಸಲ ತಳ ಮುಟ್ಟುವ ಮೊದಲೇ ಮೇಲೆ ಬಂದಿದ್ದ. ಮಗ ಬಿದ್ದು ಬಿದ್ದು ನಕ್ಕ. "ಹೀಗಾದರೆ ಮುತ್ತು ಸಿಕ್ಕುವುದು ಯಾವಾಗ, ಅಪ್ಪ?"

ಆಲಿವ್ ಮುದುಕನ ಕಿವಿಯ ಹತ್ತಿರ ಬಗ್ಗಿದಳು. "ಬಾಬಾ, ಅವರು ಹಗ್ಗ ಜಗ್ಗಿದ ಮೇಲೆ ಎಳೆದರೆ ಸಾಕು. ಉಸಿರು ಇನ್ನೂ ಇದೆ."

ಮುದುಕ ಪರದೆಯಿಂದ ಕಣ್ಣು ಕೀಳಲಿಲ್ಲ. ಜಾಯ್‌ಸ್ಟಿಕ್ಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

"ನನ್ನ ತಮ್ಮನೂ ಜಗ್ಗಲಿಲ್ಲ," ಎಂದವನೇ ಮಗನನ್ನು ಮತ್ತೆ ಮೇಲಕ್ಕೆ ಎಳೆದುಕೊಂಡ.