ಎಡೆಗಿಟ್ಟ ಸಿಗಾರ್

ಹಿರಿಯರ ಹಬ್ಬದ ದಿನ ಸತ್ತ ಗಂಡನ ಫೋಟೋದ ಮುಂದೆ ಅವಳು ಮುದ್ದೆ, ಕೋಳಿಸಾರು ಎಡೆ ಇಟ್ಟಿದ್ದಳು. ಮೈದುನ ಜೇಬಿನಿಂದ ದಪ್ಪನೆಯ ಕ್ಯೂಬಾ ಸಿಗಾರ್ ತೆಗೆದು ಎಲೆಯ ಪಕ್ಕ ಇಟ್ಟ.

“ತೆಗೀರಿ ಅದನ್ನ! ನಿಮ್ಮಣ್ಣನ ಗಂಟಲು ತಿಂದಿದ್ದೇ ಅದು.”

“ಅಣ್ಣಂಗೆ ಇಷ್ಟವಾದದ್ದನ್ನ ಎಡೇಲಿ ಇಡದೆ ಇರೋಕಾಗುತ್ತಾ ಅತ್ತಿಗೆ? ಭಾನುವಾರ ಬಂತು ಅಂದ್ರೆ ಈ ಕುರ್ಚೀಲಿ ಕೂತು ಎಷ್ಟು ಆಸೆಯಿಂದ ಸೇದ್ತಿದ್ದ. ಹಚ್ಚಿ ಇಡೋಣ.”

“ಸೇದಿದ್ದು ಅವರು. ಆರು ತಿಂಗಳು ಮೂಗಿನ ಪೈಪಲ್ಲಿ ಗಂಜಿ ಹುಯ್ದಿದ್ದು ನಾನು. ನೀವು ಬಂದು ನೋಡಿದ್ರಾ? ನನ್ನ ಮಗನ್ನ ನೋಡಿ ಕಲೀರಿ, ಇವತ್ತಿನವರೆಗೆ ಒಂದು ಬೀಡಿ ಮುಟ್ಟಿಲ್ಲ.”

ಮೈದುನನಿಗೂ ಸಿಟ್ಟು ಬಂತು. ಹಟಕ್ಕೆ ಬಿದ್ದು ತುದಿ ಕಚ್ಚಿ ಉಗಿದು, ಕಡ್ಡಿ ಗೀರಿ ಒಂದು ದಮ್ಮು ಎಳೆದ. ಕೆಮ್ಮು ಒತ್ತರಿಸಿ ಬಂತು. ಸಿಗಾರ್ ಅರ್ಧ ಹೊತ್ತಿ ಆರಿತು.

“ಹಬ್ಬದ ದಿನ ಸಾಕು ಮಾಡಿ ಇಬ್ರೂ!” ಎಂದು ಮಗ ರೇಗಿ ಅದನ್ನು ಕಿತ್ತುಕೊಂಡ. “ನಾನೇ ಹಚ್ಚಿಟ್ಟು ಮುಗಿಸ್ತೀನಿ.”

ಹೊಸ ಕಡ್ಡಿ ಗೀರಿ, ಉರಿಗೆ ತಾಗಿಸದೆ, ತುದಿ ಸುತ್ತಲೂ ಸಮನಾಗಿ ಕೆಂಪಾಗುವವರೆಗೆ ಸಿಗಾರನ್ನು ತಿರುಗಿಸಿದ. ಹೊಗೆಯನ್ನು ಬಾಯಲ್ಲೇ ಹಿಡಿದು, ಕಣ್ಣು ಅರೆಮುಚ್ಚಿ, ನಿಧಾನವಾಗಿ ಬಿಟ್ಟ.

ಒಂದು ಸಲವೂ ಕೆಮ್ಮಲಿಲ್ಲ.