ಅಮ್ಮನ ತಲೆಯೊಳಗಿನ ಕುಡುಗೋಲು

ಸ್ಪಿರಿಟ್ ವಾಸನೆ ಮೂಗಿಗೆ ಬಡಿದರೆ ಈಗಲೂ ಬಟವಾಡಿಯ ಆ ಕ್ಲಿನಿಕ್ಕಿನ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ.

ಅಮ್ಮನಿಗೆ ಬಹಳ ದಿನಗಳಿಂದ ತಲೆನೋವು. ನಮ್ಮೂರು ಕೋರದಿಂದ ಅಜ್ಜಿ, ಅಮ್ಮ, ನಾನು ಬಸ್ಸಿನಲ್ಲಿ ಬಂದಿದ್ದೆವು. ಡಾಕ್ಟರು ಸ್ಕ್ಯಾನ್ ಫಿಲಂ ಅನ್ನು ಬೆಳಕಿಗೆ ಹಿಡಿದು, ಮಿದುಳಿನ ನಡುವಿನ ಬಿಳಿ ಗೆರೆಯನ್ನು ಪೆನ್ನಿನಿಂದ ತೋರಿಸಿದರು.

"ಈ ಪರದೆಗೆ ಫಾಲ್ಕ್ಸ್ ಅಂತೀವಿ. ಲ್ಯಾಟಿನ್‌ನಲ್ಲಿ ಕುಡುಗೋಲು ಅಂತ ಅರ್ಥ." ಆಮೇಲೆ ನನ್ನ ಕಡೆ ತಿರುಗಿ, "ಫಾಲ್ಕನ್ ಹಕ್ಕಿ ಗೊತ್ತಾ? ಅದರ ಹೆಸರೂ ಇದರಿಂದಲೇ ಬಂತು ಅಂತಾರೆ. ಉಗುರು ಹಾಗೇ ಬಾಗಿರುತ್ತಲ್ಲ," ಎಂದರು.

"ಇದು ಎಲ್ರಿಗೂ ಇರುತ್ತಾ ಸಾರ್?" ಅಮ್ಮ ಕೇಳಿದಳು.

"ಇರುತ್ತೆ. ಆದ್ರೆ ನಡುವೆ ನೆಟ್ಟಗಿರಬೇಕು. ನಿಮ್ಮದು ವಾಲಿದೆ. ಪಕ್ಕದಲ್ಲಿ ಏನೋ ಬೆಳೆದು ತಳ್ತಾ ಇದೆ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕುಡ್ಲು ಅನ್ಬ್ಯಾಡಿ ಸ್ವಾಮಿ. ಬ್ಯಾರೆ ಹೆಸ್ರು ಏನಾದ್ರೂ ಇದ್ರೆ ಹೇಳಿ."

ಡಾಕ್ಟರು ಫಿಲಂ ಅನ್ನು ಮೆಲ್ಲಗೆ ಕವರಿಗೆ ಸೇರಿಸಿದರು. "ತಡ ಮಾಡ್ಬೇಡಿ. ಆಪರೇಷನ್ ಆಗ್ಲೇಬೇಕು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಆ ಹೊಸ ಪದಗಳನ್ನು ಹಾಡಿನಂತೆ ಹೇಳುತ್ತಿದ್ದೆ. ಅಜ್ಜಿ ಗದರಿದಳು. ಅಮ್ಮ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದು, "ಹೇಳ್ಲಿ ಬುಡವ್ವ. ಎಷ್ಟ್ ಚೆಂದಾಗಿ ಹೇಳ್ತದೆ," ಎಂದಳು.

ಆಪರೇಷನ್ ಆಯಿತು. ಅಮ್ಮ ಬದುಕಿದಳು. ನನ್ನನ್ನು ನೋಡಿದಾಗಲೆಲ್ಲ ಬಹಳ ಮರ್ಯಾದೆಯಿಂದ, "ನೀವು ಯಾರ ಮನೆಯವರು?" ಎಂದು ಕೇಳುತ್ತಿದ್ದಳು.